ಡಂಗುರದ ಹಿಂದೆ ನಡೆದವನು

ನಿಜಾಮರ ಕಾಲದಲ್ಲಿ, ಅಫಜಲಪುರದ ಬಳಿಯ ನಮ್ಮ ಹಳ್ಳಿಯಲ್ಲಿ, ಡಂಗುರದ ಒಕ್ಕಣೆ ಬರೆದವನೇ ಹಲಗೆ ಬಾರಿಸುವವನ ಹಿಂದೆ ನಡೆದು ಜನರ ಪ್ರಶ್ನೆಗಳಿಗೆ ಉತ್ತರಿಸಬೇಕೆಂಬ ರೂಢಿಯಿತ್ತು. ಕಾಲರಾ ಬಂದ ವರ್ಷ, ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ‘ಬಾವಿಯ ನೀರು ಶುದ್ಧವಾಗಿದೆ’ ಎಂದು ಬರೆದ. ಹಾಗೆ ಬರೆಯಿಸಿದವರು ಒಬ್ಬ ಅಧಿಕಾರಿ. ಸರ್ಕಾರದ ಪ್ರಚಾರ ಇಲಾಖೆಯಲ್ಲಿ ನೌಕರಿ ಹಿಡಿಯಲು ಹುಡುಗನಿಗೆ ಆ ಅಧಿಕಾರಿಯ ಶಿಫಾರಸು ಬೇಕಿತ್ತು. ನಾನೋ ವಾಕ್ಯರಚನೆಯನ್ನಷ್ಟೇ ನೋಡಿ ಮೆಚ್ಚಿದೆ, ಜೊತೆಗೂ ನಡೆದೆ.

ಬಾವಿಕಟ್ಟೆಯಲ್ಲಿ ಮುದುಕಿಯೊಬ್ಬಳು ಕೊಡವನ್ನು ಅವನ ಮುಂದೊಡ್ಡಿದಳು. “ಶುದ್ಧ ಐತಂತಲ್ಲೋ ತಮ್ಮಾ, ಮೊದಲ ನೀನೇ ಒಂದ್ ಗುಟುಕ ಕುಡದು ತೋರ್ಸು!”

ಸುತ್ತಲಿನವರು ನಕ್ಕರು. ಹುಡುಗ ಹಲಗೆ ನಿಲ್ಲಿಸಲು ಹೇಳಿದ. “ನಾ ಕುಡಿಯಂಗಿಲ್ಲ, ಆಯಿ. ಸುಳ್ಳ ಬರದೇನಿ. ಎಲ್ಲಾರೂ ಕುದಿಸಿ ಕುಡೀರಿ.”

ಉಳಿದ ಓಣಿಗಳಲ್ಲಿ ಅದನ್ನೇ ಸಾರಿಸಿದ. ಶಿಫಾರಸು ಸಿಗಲಿಲ್ಲ. ಅಂಥ ನೌಕರಿಗೆ ಹೊರಟ ವಿದ್ಯಾರ್ಥಿಗಳ ಬರಹವನ್ನು ತಿದ್ದುವ ಮೊದಲು, “ಈ ನೀರನ್ನು ನೀವು ಕುಡಿಯುವಿರಾ?” ಎಂದು ಕೇಳುವುದನ್ನು ನಾನು ಅವನಿಂದ ಕಲಿತೆ.