ಮೂರು ನಿಮಿಷ ನಲವತ್ತು ಸೆಕೆಂಡಿನ ಪ್ರಾರ್ಥನೆ

ಕಷ್ಟಕಾಲದಲ್ಲಿ ಕೂಗಿದವರಿಗೆ ಕಾಣದ ಕೈಯೊಂದು ನೆರವಾಗುತ್ತದೆ ಎಂಬುದು ಭಕ್ತರ ನಂಬಿಕೆ. ಆ ಕಾಣದ ಕೈಯಲ್ಲಿ ಒಂದು ಪೆನ್ನೂ ಆರಿಹೋದ ಚಹಾದ ಲೋಟವೂ ಇರುತ್ತವೆ ಎಂಬುದು ಆಂಬುಲೆನ್ಸ್ ನಿಯಂತ್ರಣ ಕೊಠಡಿಯಲ್ಲಿ ದುಡಿಯುವ ನಮ್ಮ ಅನುಭವ. ಈ ಕ್ಷೇತ್ರದಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ, ದನಿಯಿಂದ ಊರಿಗೆಲ್ಲ ಪರಿಚಿತರಾಗಿಯೂ ಮುಖದಿಂದ ಯಾರಿಗೂ ಗುರುತು ಸಿಗದೆ ತರಕಾರಿ ಅಂಗಡಿಯ ಸಾಲಿನಲ್ಲಿ ತಣ್ಣಗೆ ನಿಲ್ಲುವ ನಮ್ಮ ಮೇಲ್ವಿಚಾರಕಿ ದೊಡ್ಡಕ್ಕನವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಬಗ್ಗೆ ಗಂಭೀರವಾಗಿ ಬರೆಯಬೇಕೆಂದು ನಮ್ಮ ಇಲಾಖೆಯ ಪತ್ರಿಕೆಯ ಸಂಪಾದಕ ಸಮಿತಿಯವರು ಸೂಚಿಸಿದ್ದಾರೆ. ನಮ್ಮ ಕೈಲಾದಷ್ಟು ಪ್ರಯತ್ನಿಸುತ್ತೇವೆ.

ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತೇಳು ವರ್ಷ. ‘ದೊಡ್ಡಕ್ಕ’ ಎಂದು ಮೊದಲು ಕರೆದವರು ಐವತ್ತು ದಾಟಿದ ಒಬ್ಬ ಚಾಲಕರು. ಅಪಘಾತದ ವಿಳಾಸ ಹೇಳಿ ಮುಗಿಸಿದ ಮೇಲೆ ಈ ಹುಡುಗಿ ರೇಡಿಯೋದಲ್ಲಿ, “ಬೆಳಿಗ್ಗೆ ಏನಾದ್ರೂ ತಿಂದ್ರಾ?” ಎಂದು ಕೇಳಿದ್ದೇ ಅದಕ್ಕೆ ಕಾರಣ. ಹನ್ನೊಂದು ಗಾಡಿಗಳ ಚಾಲಕರೂ ಅಂದಿನಿಂದ ವಯಸ್ಸಿನ ಲೆಕ್ಕ ಬಿಟ್ಟು ಅದೇ ಹೆಸರು ಹಿಡಿದರು.

ಕೊಠಡಿಗೆ ಅವರು ಕೊಟ್ಟ ದೊಡ್ಡ ಕೊಡುಗೆ ಒಂದು ಪದ್ಧತಿ. ಫೋನಿನಲ್ಲಿ ಅಳು, ಕಿರುಚಾಟ, ಕೆಲವೊಮ್ಮೆ ಒಂದು ಜೀವದ ಕೊನೆಯುಸಿರು ಕೇಳಿಸಿಕೊಂಡವರು ಮುಂದಿನ ಕರೆ ಎತ್ತುವಂತಿಲ್ಲ. ಹೆಡ್‌ಫೋನು ತೆಗೆದಿಟ್ಟು, ಹಳೆಯ ಕಡತಗಳಿದ್ದ ಚಿಕ್ಕ ಕೋಣೆಗೆ ಹೋಗಿ ಏಳು ನಿಮಿಷ ಕೂರಬೇಕು. ಮುಖ ತೊಳೆಯಬೇಕು, ನೀರು ಕುಡಿಯಬೇಕು, ಡಬ್ಬಿಯಲ್ಲಿದ್ದ ಬಿಸ್ಕತ್ತು ತಿನ್ನಬೇಕು. ಪ್ರಾರ್ಥನೆ ಬರುವವರು ಪ್ರಾರ್ಥಿಸಬೇಕು, ಬಾರದವರು ಕಿಟಕಿಯಾಚೆ ನೋಡಬೇಕು. ಇದಕ್ಕೆ ಅವರ ಆಧಾರ ಬೈಬಲಿನ ಒಬ್ಬ ಪ್ರವಾದಿ. ಸಾಕಾಗಿಹೋಯಿತು, ಸಾವು ಕೊಡು ಎಂದು ಗಿಡದ ಬುಡದಲ್ಲಿ ಬಿದ್ದುಕೊಂಡವನ ಬಳಿಗೆ ದೇವರು ದೂತನನ್ನು ಕಳಿಸಿದ. “ದೂತ ಬಂದು ಪ್ರಸಂಗ ಮಾಡ್ಲಿಲ್ಲ ಕಣ್ರಮ್ಮ,” ಎನ್ನುತ್ತಿದ್ದರು ದೊಡ್ಡಕ್ಕ. “ಎಬ್ಬಿಸಿ ರೊಟ್ಟಿ ಕೊಟ್ಟ. ತಿಂದು ಮಲಗಿದ್ಮೇಲೆ ಇನ್ನೊಂದ್ ಸಲ ಎಬ್ಬಿಸಿ, ಇನ್ನೊಂದ್ ಸಲ ರೊಟ್ಟಿ ಕೊಟ್ಟ. ದೇವರಿಗೇ ಇಷ್ಟು ಗೊತ್ತಿರುವಾಗ ನೀವ್ಯಾಕೆ ಊಟ ಬಿಡ್ತೀರಿ?”

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯುಂಟಲ್ಲ, ದೊಡ್ಡಕ್ಕನವರ ವಿಷಯದಲ್ಲಿ ಅದೂ ಪೂರ್ತಿ ಹೊಂದುವುದಿಲ್ಲ. ಪುರಾಣ ಹೇಳಿ ಅವರು ಬದನೆಕಾಯಿಯನ್ನೂ ತಿನ್ನುತ್ತಿರಲಿಲ್ಲ. ಅವರ ಊಟದ ಡಬ್ಬಿ ಬಂದ ಹಾಗೆಯೇ ಮನೆಗೆ ಹಿಂದಿರುಗುತ್ತಿತ್ತು. ದಣಿವು ಇತರರಿಗೆ ದಣಿವು, ತಮಗೆ ಮಾತ್ರ ಅದು ನಂಬಿಕೆಯ ಕೊರತೆ ಎಂದು ಅವರು ಒಳಗೊಳಗೇ ತೀರ್ಮಾನಿಸಿಕೊಂಡಿದ್ದರು.

ಊರಿಗೆಲ್ಲ ಜ್ವರ ಹಬ್ಬಿದ ಆ ವರ್ಷ ಈ ತೀರ್ಮಾನ ಬೆಲೆ ಕೇಳಿತು. ಕರೆಗಳು ಮೂರು ಪಟ್ಟಾದವು, ಆರು ಕುರ್ಚಿಗಳಲ್ಲಿ ಮೂರು ಖಾಲಿಯಾದವು. ಹೆಚ್ಚಿನ ಸಿಬ್ಬಂದಿ ಬೇಕೆಂದು ದೊಡ್ಡಕ್ಕ ಬರೆದ ಒಂಬತ್ತು ಪತ್ರಗಳಿಗೆ ಸೂಪರಿಂಟೆಂಡೆಂಟರು ‘ನೋಡಲಾಗಿದೆ’ ಎಂದು ಒಂಬತ್ತು ಸಲ ಸಹಿ ಮಾಡಿದರು. ಇಪ್ಪತ್ತಾರು ದಿನ ರಜೆಯಿಲ್ಲದೆ ದುಡಿದ ದೊಡ್ಡಕ್ಕ ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದರು, ರುಚಿ ತಿಳಿಯದೆ ಇನ್ನೊಂದು ಲೋಟ ಕೇಳಿದರು. ಭಾನುವಾರ ಚರ್ಚಿನ ಆರಾಧನೆಗೆಂದು ಒಂದು ಗಂಟೆ ಬಿಡುವು ಮಾಡಿಕೊಂಡು ಹೋದವರು ಎರಡನೇ ಬೆಂಚಿನಲ್ಲಿ ಕೂತಲ್ಲೇ ತೂಕಡಿಸಿದರು. ಸಭಾಪಾಲಕರು ದನಿಯೇರಿಸಿ, “ಕರ್ತನು ಇಂದು ನಿಮ್ಮನ್ನು ಕರೆಯುತ್ತಿದ್ದಾನೆ!” ಎಂದದ್ದೇ ತಡ, ದೊಡ್ಡಕ್ಕ ಕಣ್ಣು ಬಿಡದೆಯೇ, “ಎಲ್ಲಿಂದ ಕರೀತಿದಾರೆ? ಹತ್ತಿರ ಏನಾದ್ರೂ ಗುರುತು ಹೇಳಿ,” ಎಂದರು. ಸಭೆ ನಕ್ಕಿತು. ಪಕ್ಕದಲ್ಲಿ ಕೂತಿದ್ದ, ಅವರ ಜೊತೆಯಲ್ಲೇ ಇರುವ ದರ್ಜಿ ತಂಗಿ ಮಾತ್ರ ನಗಲಿಲ್ಲ.

ಅದಾದ ಎರಡು ದಿನಕ್ಕೆ ನಗುವಂಥದ್ದಲ್ಲದ ತಪ್ಪು ನಡೆಯಿತು. ದೊಡ್ಡಕ್ಕ ಏಳನೇ ಗಾಡಿಯನ್ನು ಮೇಲಿನ ಬೀದಿಗೆ ಬದಲಾಗಿ ಕೆಳಗಿನ ಬೀದಿಗೆ ಕಳಿಸಿದರು. ಚಾಲಕರು ಸಂಶಯಪಟ್ಟು ಮತ್ತೆ ಕೇಳಿದ್ದರಿಂದ ಒಂಬತ್ತು ನಿಮಿಷ ತಡವಾಗಿಯಾದರೂ ರೋಗಿ ಸಿಕ್ಕಿದರು, ಬದುಕಿದರು. ಈ ಚಾಲಕರಿಗೆ ‘ಮೌನಿ’ ಎಂದು ಹೆಸರು, ಅವರ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲದ್ದರಿಂದ. ಆದರೆ ಆ ಒಂಬತ್ತು ನಿಮಿಷದ ಸುದ್ದಿಯನ್ನು ಅವರು ಯಾರಿಗೂ ಹೇಳಲಿಲ್ಲ. ಮರುದಿನ ದೊಡ್ಡಕ್ಕ ರಾಜೀನಾಮೆ ಪತ್ರ ಬರೆದು ಕೈಚೀಲದಲ್ಲಿಟ್ಟುಕೊಂಡು ಬಂದರು. ಅದನ್ನು ಕೊಡುವ ಮುನ್ನ ಪ್ರಾರ್ಥಿಸಬೇಕೆನಿಸಿತು. ಚಿಕ್ಕ ಕೋಣೆಗೆ ಹೋಗುವಷ್ಟು ಪುರುಸೊತ್ತಿಲ್ಲದೆ, ಮಧ್ಯಾಹ್ನ ಎರಡೂವರೆಗೆ, ತಮ್ಮ ಗಾಜಿನ ಕ್ಯಾಬಿನ್ನಿನ ಬಾಗಿಲು ಹಾಕಿ, ಹೆಡ್‌ಫೋನನ್ನು ಕೊರಳಿಗೆ ಇಳಿಸಿ, ಕುರ್ಚಿಯ ಮೇಲೆ ಮೊಣಕೈಯೂರಿ ಮಂಡಿಯೂರಿದರು.

ನಮ್ಮ ರೇಡಿಯೋದ ಮೈಕಿಗೆ ಮೇಜಿನಡಿಯಲ್ಲಿ ಕಾಲಿನ ಪೆಡಲು. ಒತ್ತಿದರೆ ನಾವು ಮಾತಾಡಿದ್ದು ಎಲ್ಲ ಗಾಡಿಗಳಿಗೂ ಕೇಳುತ್ತದೆ. ಬಿಡುವ ತನಕ ಗಾಡಿಯವರ ಮಾತು ನಮಗೆ ಕೇಳಿಸದು. ಮಂಡಿಯೂರಿದ ದೊಡ್ಡಕ್ಕನವರ ಪಾದ ಹಿಂದಕ್ಕೆ ಚಾಚಿ ನೇರವಾಗಿ ಪೆಡಲಿನ ಮೇಲೆ ಕೂತಿತು.

“ಕರ್ತನೇ, ನನ್ ಕೈಲಿ ಇನ್ನಾಗಲ್ಲ,” ಎಂದು ಹನ್ನೊಂದು ಗಾಡಿಗಳಲ್ಲಿ ಕೇಳಿಸಿತು. “ಎಲ್ಲರಿಗೂ ಸುಧಾರಿಸ್ಕೊಳ್ಳಿ ಅಂತೀನಿ, ನಾನೇ ಒಡೆದ್ ಹೋಗಿದೀನಿ. ನಿನ್ ಮೇಲೆ ನಂಬಿಕೆ ಇದ್ದಿದ್ರೆ ಹಿಂಗ್ ಸುಸ್ತಾಗ್ತಿತ್ತಾ? ಇವತ್ತು ರಾಜೀನಾಮೆ ಕೊಡ್ತೀನಿ. ನಮ್ ಚಾಲಕರನ್ನ ಕಾಪಾಡು. ಎರಡನೇ ಗಾಡಿಯವರ ಬೆನ್ನುನೋವು ನೋಡ್ಕೋ. ಮೌನಿಗೆ ಒಂದಿಷ್ಟು ಮೌನ ಕೊಡು. ಸೂಪರಿಂಟೆಂಡೆಂಟರಿಗೆ ಒಳ್ಳೇ ಬುದ್ಧಿ ಕೊಡು. ಅದು ನಿನಗೂ ಕಷ್ಟ ಅನ್ಸಿದ್ರೆ ವರ್ಗಾವಣೆನಾದ್ರೂ ಕೊಡು.” ರೇಡಿಯೋ ಇಷ್ಟು ಹೊತ್ತು ಸದ್ದಿಲ್ಲದೆ ಇದ್ದದ್ದು ಆಗ ಅವರ ಗಮನಕ್ಕೆ ಬಂತು. ಇದು ದೇವರೇ ಮಾಡಿಕೊಟ್ಟ ಬಿಡುವೆಂದು ಮನ ತುಂಬಿ, ಅದಕ್ಕೆಂದೇ ಪ್ರತ್ಯೇಕವಾಗಿ ಸ್ತೋತ್ರ ಹೇಳಿ, ಪ್ರಾರ್ಥನೆಯನ್ನು ಇನ್ನೂ ಒಂದು ನಿಮಿಷ ಬೆಳೆಸಿದರು.

ಅವರು ಎದ್ದರು, ಪೆಡಲು ಬಿಟ್ಟಿತು. ಆಮೇಲೆ ಕೊರಳಿನ ಹೆಡ್‌ಫೋನಿನಿಂದ ಒಂದು ಗಂಡುದನಿ ಬಂತು: “ಆಮೆನ್. ಎರಡನೇ ಗಾಡಿ.” “ಆಮೆನ್, ಒಂಬತ್ತು.” “ಐದನೇ ಗಾಡಿ. ಇದೆಲ್ಲ ನನಗೆ ಅಭ್ಯಾಸ ಇಲ್ಲ ಅಕ್ಕಾ, ಆದ್ರೂ ಆಮೆನ್.” ಕಡೆಗೆ ಮೌನಿ: “ಏಳು. ಆಮೆನ್ ಅಕ್ಕಾ. ನಾಲ್ಕನೇ ಗಾಡಿಯವರು ಮಾತಾಡ್ತಿಲ್ಲ. ಅದರಲ್ಲಿ ಸೂಪರಿಂಟೆಂಡೆಂಟರು ತಪಾಸಣೆಗೆ ಅಂತ ಕೂತಿದಾರೆ.”

ದೊಡ್ಡಕ್ಕನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅದು ಬರೀ ನಾಚಿಕೆಯಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ರೇಡಿಯೋ ತಡೆದವರನ್ನು ಕೂಡಲೇ ಏಳು ದಿನ ಕೆಲಸದಿಂದ ದೂರವಿಡಬೇಕೆಂಬ ನಿಯಮವನ್ನು ಬರೆದವರೂ, ಅದನ್ನು ಗೋಡೆಗೆ ಅಂಟಿಸಿದವರೂ ಅವರೇ. ತಡೆದದ್ದು ಮೂರು ನಿಮಿಷ ನಲವತ್ತು ಸೆಕೆಂಡು. ಪುಣ್ಯಕ್ಕೆ ಯಾವ ರೋಗಿಗೂ ತೊಂದರೆಯಾಗಿರಲಿಲ್ಲ. ಆರನೇ ಗಾಡಿಯವರು ಆಸ್ಪತ್ರೆಯ ಕಾವಲುಗಾರನ ಫೋನಿನಿಂದ ಕರೆ ಮಾಡಿ ಕೆಲಸ ಸಾಗಿಸಿದ್ದರು. ಆದರೂ ದೊಡ್ಡಕ್ಕ ಕುಳಿತು ತಮ್ಮ ಮೇಲೆ ತಾವೇ ವರದಿ ಬರೆದರು. ‘ಮೇಲ್ವಿಚಾರಕಿಯ ಬೇಜವಾಬ್ದಾರಿ ಅಕ್ಷಮ್ಯ’ ಎಂದು ಬರೆದು ಮೇಲ್ವಿಚಾರಕಿಯಾಗಿ ಸಹಿ ಹಾಕಿದರು.

ಅರ್ಧ ಗಂಟೆಯಲ್ಲಿ ಸೂಪರಿಂಟೆಂಡೆಂಟರು ಮೆಟ್ಟಿಲೇರಿ ಬಂದರು. ನಾವು ಫೋನಿನಲ್ಲಿ ಮಾತಾಡುತ್ತಲೇ ಕಿವಿಯನ್ನು ಕ್ಯಾಬಿನ್ನಿನ ಕಡೆ ನೆಟ್ಟಿದ್ದೆವು. ದೊಡ್ಡಕ್ಕ ವರದಿಯನ್ನೂ ರಾಜೀನಾಮೆಯನ್ನೂ ಒಟ್ಟಿಗೆ ಮುಂದಿಟ್ಟರು. ಅವರು ಎರಡನ್ನೂ ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ವರ್ಗಾವಣೆ ಕೊಡಿ ಅಂತ ನಾನೇ ಎರಡು ವರ್ಷದಿಂದ ಅರ್ಜಿ ಹಾಕ್ತಿದೀನಮ್ಮ,” ಎಂದರು. “ನಿಮ್ ಶಿಫಾರಸ್ಸೂ ಸೇರಲಿ. ಈ ರಾಜೀನಾಮೆ ನಾನು ನೋಡ್ಲಿಲ್ಲ. ವರದಿ ನೋಡಿದೀನಿ. ನಿಯಮ ನಿಯಮಾನೇ, ಏಳು ದಿನ ಕೆಲಸಕ್ಕೆ ಬರೋ ಹಾಗಿಲ್ಲ.”

“ಸರ್, ಈಗ ಜನ ಇಲ್ಲ...”

“ನಿಮ್ ಒಂಬತ್ತೂ ಕಾಗದ ನನ್ ಹತ್ರ ಇದೆ. ಜನ ತರೋದು ನನ್ ಕೆಲಸ, ಇಷ್ಟು ದಿನ ಮಾಡ್ಲಿಲ್ಲ. ನಿಮ್ ಕೆಲಸ ಈಗ ಮಲಗೋದು.”

ಅವರನ್ನು ಮನೆಗೆ ಬಿಟ್ಟವರು ಮೌನಿ. ದಾರಿಯುದ್ದಕ್ಕೂ ಅವರು ಒಂದಕ್ಷರ ಆಡಲಿಲ್ಲ. ಪ್ರಾರ್ಥನೆ ಇಷ್ಟು ಬೇಗ ಫಲಿಸಿತೇ ಎಂದು ದೊಡ್ಡಕ್ಕನಿಗೆ ಗಾಬರಿಯಾಯಿತು. ಬಾಗಿಲಲ್ಲಿ ಮಾತ್ರ ಹೇಳಿದರು: “ಅಕ್ಕಾ, ಆ ಪ್ರವಾದೀನ ದೂತ ಎರಡ್ ಸಲ ಎಬ್ಬಿಸ್ದ ಅಂದಿದ್ರಲ್ಲ, ನಾವು ಒಂದ್ ಸಲನೂ ಎಬ್ಬಿಸಲ್ಲ. ನಿಶ್ಚಿಂತೆಯಾಗಿ ಮಲಗಿ.”

ದೊಡ್ಡಕ್ಕ ಮೊದಲ ಸಲ ಮಲಗಿದ್ದು ಹತ್ತೊಂಬತ್ತು ಗಂಟೆ. ತಂಗಿ ನಡುವೆ ಎರಡು ಬಾರಿ ಮೂಗಿನ ಹತ್ತಿರ ಕನ್ನಡಿ ಹಿಡಿದು ನೋಡಿದರಂತೆ. ಎರಡನೇ ದಿನ ಎದ್ದು ಪ್ರಾರ್ಥನೆಗೆ ಕೂತು ‘ಕರ್ತನೇ’ ಎಂಬಲ್ಲಿಗೇ ನಿದ್ದೆಹೋದರು, ಅದಕ್ಕಾಗಿ ಅತ್ತರು, ಅತ್ತು ಮತ್ತೆ ನಿದ್ದೆಹೋದರು. ಮೂರನೇ ದಿನ ಸಭಾಪಾಲಕರು ಬಂದಾಗ ತಂಗಿ ಬಾಗಿಲಲ್ಲೇ ತುಟಿಗೆ ಬೆರಳಿಟ್ಟರು. ಆ ಒಳ್ಳೆಯ ಮನುಷ್ಯ ಹೊಸ್ತಿಲಾಚೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ, ಬಾಯಿ ಬಿಡದೆ ಪ್ರಾರ್ಥಿಸಿ ಹೋದರು. ನಾಲ್ಕನೇ ದಿನ, ಹಾಸಿಗೆಯಲ್ಲಿ ಬ್ರೆಡ್ಡು ತಿನ್ನುತ್ತಿದ್ದಾಗ, ದೊಡ್ಡಕ್ಕನಿಗೆ ಬೈಬಲಿನ ಇನ್ನೊಂದು ಕಥೆ ನೆನಪಾಯಿತು: ಬಿರುಗಾಳಿಗೆ ದೋಣಿ ಮುಳುಗುವಂತಾಗಿದ್ದಾಗ ಅದರ ಹಿಂಬದಿಯಲ್ಲಿ ತಲೆದಿಂಬಿಟ್ಟು ಮಲಗಿದ್ದವನು ತಮ್ಮ ಕರ್ತನೇ ಅಲ್ಲವೇ? ಅವನಿಗೆ ನಂಬಿಕೆ ಕಡಿಮೆಯಿತ್ತು ಎನ್ನುವ ಧೈರ್ಯ ಅವರಿಗಾಗಲಿಲ್ಲ. ಬ್ರೆಡ್ಡು ಮುಗಿಸಿ, ಮಗ್ಗುಲು ಬದಲಿಸಿ ಮಲಗಿದರು.

ಎಂಟನೇ ದಿನ ಅವರು ಕೊಠಡಿಗೆ ಬಂದರು. ಖಾಲಿಯಿದ್ದ ಮೂರು ಕುರ್ಚಿಗಳಲ್ಲೂ ಹೊಸಬರಿದ್ದರು. ಅಂದಿನಿಂದ ನಿವೃತ್ತಿಯವರೆಗಿನ ಹದಿನಾಲ್ಕು ವರ್ಷ, ಕರೆಗಳ ಹೊಳೆ ಹರಿದ ದಿನಗಳಲ್ಲೂ, ದೊಡ್ಡಕ್ಕ ನಮ್ಮೆಲ್ಲರಂತೆ ಚಿಕ್ಕ ಕೋಣೆಗೆ ಹೋಗಿ ಏಳು ನಿಮಿಷ ಕೂತರು. ಡಬ್ಬಿಯ ಊಟ ಖಾಲಿ ಮಾಡಿದರು. ಅವರನ್ನು ನೋಡಿಯೇ ನಾವು ನಾಚಿಕೆಯಿಲ್ಲದೆ ದಣಿಯುವುದನ್ನು ಕಲಿತೆವು. ನಮ್ಮಲ್ಲಿ ಕೆಲವರು ಇನ್ನೂ ಈ ಕೆಲಸದಲ್ಲಿ ಉಳಿದಿರುವುದು, ಸುಮ್ಮನೆ ಹೇಳುವ ಮಾತಲ್ಲ, ಅದರಿಂದಲೇ. ಸೂಪರಿಂಟೆಂಡೆಂಟರಿಗೆ ಆ ವರ್ಷವೇ ಬೇಡಿದ ಊರಿಗೆ ವರ್ಗಾವಣೆಯಾಯಿತು. ಹೋದಲ್ಲಿಂದ ಅವರು ಬರೆದ ಧನ್ಯವಾದದ ಪತ್ರದಲ್ಲಿ, ಬಡ್ತಿಗೂ ಒಂದು ಮಾತು ಹಾಕಬೇಕೆಂಬ ವಿನಂತಿಯಿತ್ತು.

ಮುಂದಿನ ತಿಂಗಳಿಂದ ದೊಡ್ಡಕ್ಕನವರು ಹೊಸದಾಗಿ ಸೇರುವವರಿಗೆ ವಾರಕ್ಕೆರಡು ದಿನ ತರಬೇತಿ ಕೊಡಲಿದ್ದಾರೆ. ಮೂರು ದಿನ ಬನ್ನಿ ಎಂದು ಇಲಾಖೆ ಕೇಳಿಕೊಂಡಾಗ ಆಗುವುದಿಲ್ಲ ಎಂದರಂತೆ. ಅವರ ಬೋಧನೆ ದೀರ್ಘಕಾಲ ನಡೆಯಲಿ, ಆಯುರಾರೋಗ್ಯಗಳು ಅವರಿಗೂ ಅವರ ತಂಗಿಗೂ ಕೂಡಿಬರಲಿ, ದುಡಿಮೆಯಷ್ಟೇ ಬಿಡುವೂ ಅವರ ಪಾಲಿಗಿರಲಿ ಎಂದು ನಾವೆಲ್ಲ ಮನಸಾರೆ ಹಾರೈಸುತ್ತೇವೆ.

ಇಷ್ಟು ಬರೆದು ಅವರಿಗೆ ಓದಿ ಹೇಳಿದೆವು. ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಬಂತೇನೋ ಎಂದುಕೊಂಡೆವು.

“ಶೀರ್ಷಿಕೆ ಸರಿಯಿಲ್ಲ,” ಎಂದರು. “ಪ್ರಾರ್ಥನೆ ನಾನು ಚಿಕ್ಕಂದಿನಿಂದ ಮಾಡ್ತಿದ್ದೆ. ಅದು ಸಲೀಸು. ಎಲ್ಲಾನೂ ಕರ್ತನ ಕೈಗೆ ಬಿಟ್ಟು ನಾನು ಮಲಗಿದ್ನಲ್ಲ, ನಂಬಿಕೆ ಬೇಕಾಗಿದ್ದು ಅದಕ್ಕೆ.”