‘ಹೋಗಿ ಬರ್ತೀನಿ’ ಎನ್ನಬಾರದ ಬಾಗಿಲು

ಬೀದಿದೀಪಗಳು ಇನ್ನೂ ಆರಿಲ್ಲ. ಜೈಲಿನ ದೊಡ್ಡ ಗೇಟಿನಲ್ಲಿರುವ ಚಿಕ್ಕ ಬಾಗಿಲಿಗೆ ತಲೆ ಬಗ್ಗಿಸಿ ಒಳಬರುವ ನರ್ಸು ಬಾಗಿಲಕ್ಕ, ಹೆಗಲ ಚೀಲ ಇಳಿಸುವ ಮೊದಲೇ ಕೇಳುವುದು ಒಂದೇ ಮಾತು.

“ಬಡಗಿ ಹೇಗಿದ್ದಾರೆ?”

“ಇಲ್ಲದ ಹಲಗೆಗೆ ಕೀಸುಳಿ ಹೊಡೀತಾನೇ ಇದ್ದ ಅಕ್ಕ. ಬರೀ ಗಾಳೀಲಿ ಕೈ ಆಡಿಸೋದು,” ಎನ್ನುತ್ತಾನೆ ರಾತ್ರಿ ಪಾಳಿ ಮುಗಿಸುತ್ತಿರುವ ಪಹರೆಯವ. ಅವನ ಮೀಸೆಯ ಗಾತ್ರ ನೋಡಿ ಎಲ್ಲರೂ ಕರೆಯುವುದು ಮೀಸೆ ಎಂದೇ. “ನೀವು ನಿನ್ನೆ ಹೇಳಿ ಹೋಗಿದ್ರಲ್ಲ, ಹಾಗೇ ಕೂಡಲೇ ಡಾಕ್ಟ್ರಿಗೆ ಫೋನ್ ಹಾಕಿದೆ. ಬಂದು ಇಂಜೆಕ್ಷನ್ ಕೊಟ್ಟು ಹೋದ್ರು. ಇವತ್ತೊಂದು ದಿನ ದಾಟಿದ್ರೆ ಗೆದ್ದ ಅಂದ್ರು.”

ಬಾಗಿಲಕ್ಕ ಪರದೆ ಸರಿಸಿ ಒಳಗೆ ಹೋಗುತ್ತಾಳೆ. ನಾಲ್ಕು ಮಂಚ, ಪ್ರತಿ ಮಂಚದ ಬುಡದಲ್ಲೊಂದು ಬಕೆಟ್. ಗೋಡೆ ಪಕ್ಕದ ಮಂಚದಲ್ಲಿ ಬೆವರಿನಿಂದ ತೊಯ್ದ ಬಡಗಿ ಅರೆಗಣ್ಣು ಬಿಟ್ಟು ಮಲಗಿದ್ದಾನೆ. ಅವಳು ನಾಡಿ ಹಿಡಿಯುತ್ತಾಳೆ, ಹಣೆ ಮುಟ್ಟುತ್ತಾಳೆ, ಚಮಚದಲ್ಲಿ ಉಪ್ಪು ಸಕ್ಕರೆಯ ನೀರು ಕುಡಿಸುತ್ತಾಳೆ. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಒಮ್ಮೆಲೇ ಕುಡಿತ ನಿಂತರೆ ಜೀವಕ್ಕೇ ಕುತ್ತು ಬರಬಹುದು ಎಂಬುದು ಹೊರಗಿನ ಬಹಳ ಜನಕ್ಕೆ ಗೊತ್ತಿಲ್ಲ. ಈ ಕೋಣೆ ಇರುವುದೇ ಅದಕ್ಕಾಗಿ.

ಜೈಲಿಗೆ ಹೊಸದಾಗಿ ಬರುವ ಪ್ರತಿಯೊಬ್ಬರೂ ಮೊದಲು ಕಾಲಿಡುವುದು ಗೇಟಿನ ಪಕ್ಕದ ಈ ಕೋಣೆಗೆ. ಬಾಗಿಲಲ್ಲೇ ಸಿಗುವ ನರ್ಸು ಆದ್ದರಿಂದ ಅವಳು ಎಲ್ಲರಿಗೂ ಬಾಗಿಲಕ್ಕ. ದಿನಕ್ಕೆ ಇಪ್ಪತ್ತೋ ಮೂವತ್ತೋ ಜನ ಬರುತ್ತಾರೆ. ತೂಕ, ಬಿಪಿ, ಶುಗರ್, ಬಿಡದ ಕೆಮ್ಮು, ಮಾಯದ ಗಾಯ ಎಲ್ಲವನ್ನೂ ನೋಡಬೇಕು. ಹೆಂಗಸಾದರೆ ಬಸುರಿಯೇ ಎಂದು ಮೆಲ್ಲಗೆ ವಿಚಾರಿಸಬೇಕು. ಆದರೆ ಎಲ್ಲಕ್ಕಿಂತ ಕಷ್ಟದ್ದು ಚಟದ ಪ್ರಶ್ನೆ.

“ಕುಡೀತೀಯಾ, ಪುಡಿ ತಗೋತೀಯಾ ಅಂತ ಕೇಳಿದ್ರೆ ಎಲ್ಲರೂ ಹಾಲು ಕುಡಿಯೋ ಮಕ್ಕಳೇ! ಒಪ್ಕೊಂಡ್ರೆ ಇನ್ನೊಂದು ಕೇಸು ಜಡೀತಾರೆ ಅನ್ನೋ ಭಯ. ಠಾಣೆಯಿಂದ ಇಲ್ಲೀವರೆಗೂ ಲೋ, ಬಾರೋ, ನಿಲ್ಲೋ ಅನ್ನಿಸ್ಕೊಂಡೇ ಬಂದಿರ್ತಾರೆ. ನಾನು ಬನ್ನಿ, ಕೂತ್ಕೊಳ್ಳಿ ಅಂದ್ರೆ ಹಿಂದೆ ತಿರುಗಿ ನೋಡ್ತಾರೆ, ಬೇರೆ ಯಾರೋ ದೊಡ್ಡೋರು ಬಂದ್ರೇನೋ ಅಂತ,” ಎನ್ನುತ್ತಾಳೆ ಬಾಗಿಲಕ್ಕ.

ಅವಳ ಚಿಕಿತ್ಸೆ ಶುರುವಾಗುವುದು ಆ ‘ಬನ್ನಿ’ಯಿಂದ. ಆಮೇಲೆ ಅವಳು ಕುಡೀತೀರಾ ಎಂದು ಕೇಳುವುದೇ ಇಲ್ಲ. ಕೊನೇ ಸಲ ಯಾವಾಗ ಎಂದಷ್ಟೇ ಕೇಳುತ್ತಾಳೆ. ಹೊಡೆದಾಟದ ಕೇಸಿನಲ್ಲಿ ಬಂದ ಈ ಬಡಗಿ ಅದಕ್ಕೂ ಬಗ್ಗಲಿಲ್ಲ, ಮುಟ್ಟೋದೇ ಇಲ್ಲ ಎಂದು ಸಾಧಿಸಿದ. ಬಾಗಿಲಕ್ಕ ಅವನ ಎರಡೂ ಕೈ ಮುಂದೆ ಚಾಚಿಸಿದಳು. ಬೆರಳುಗಳು ನಿಲ್ಲಲೊಲ್ಲವು.

“ಈ ಕೈಯಲ್ಲಿ ಹಲಗೆ ಮೇಲೆ ಗೆರೆ ಹೇಗೆ ಎಳೀತೀರಿ?” ಎಂದಳು.

ಅವನು ತಲೆ ತಗ್ಗಿಸಿದ. “ಬೆಳಿಗ್ಗೆ ಒಂದು ಬಿದ್ದ ಮೇಲೆ ಎಳೀತೀನಿ.”

ಕೇಸಿನ ವಿಚಾರ ಅವಳು ಯಾರನ್ನೂ ಕೇಳುವುದಿಲ್ಲ. “ಅದನ್ನ ಕೋರ್ಟು ನೋಡ್ಕೊಳ್ಳುತ್ತೆ. ನಾನು ನಾಡಿ ನೋಡ್ತೀನಿ.”

ಈ ಕೋಣೆ ತಾನಾಗಿ ಆದದ್ದಲ್ಲ. ವರ್ಷಗಳ ಹಿಂದೆ ಹೊಸದಾಗಿ ಬಂದ ಒಬ್ಬ ಯುವಕ ಗಡಗಡ ನಡುಗುತ್ತಿದ್ದ. ಮೊದಲ ಸಲದ ಜೈಲು, ಹೆದರಿದ್ದಾನೆ ಎಂದರು ಕೆಲವರು, ನಾಟಕ ಎಂದರು ಉಳಿದವರು. ಕುಡಿತ ನಿಂತ ನಡುಕ ಎಂದು ಯಾರಿಗೂ ಹೊಳೆಯಲಿಲ್ಲ. ಮರುದಿನ ಫಿಟ್ಸ್ ಬಂದು ಆಸ್ಪತ್ರೆಯ ದಾರಿಯಲ್ಲೇ ಅವನ ಉಸಿರು ನಿಂತಿತು. ಅವನ ತಾಯಿ ಬಂದು ಮಗನ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಹೋದದ್ದನ್ನು ಬಾಗಿಲಕ್ಕ ಇಂದಿಗೂ ಕಣ್ಣಲ್ಲಿ ನೀರಿಲ್ಲದೆ ಹೇಳಲಾರಳು. ಅಂದಿನಿಂದ ಅವಳು ಜೈಲಿನ ಸಾಹೇಬರ ಬೆನ್ನು ಬಿಡಲಿಲ್ಲ. ಹಳೇ ಕುರ್ಚಿ ತುಂಬಿದ್ದ ಉಗ್ರಾಣ ಖಾಲಿಯಾಯಿತು, ಮಂಚ ಬಂತು, ಬೇಕೆಂದಾಗ ಬರುವ ಡಾಕ್ಟರೂ ಸಿಕ್ಕರು. ಅವಳು ಹಾಕಿದ ಕಟ್ಟಳೆ ಒಂದೇ. ಈ ಕೋಣೆಯೊಳಗೆ ಯಾರೂ ‘ನಾಟಕ’ ಎಂಬ ಪದ ಎತ್ತಕೂಡದು. ಮೊದಲು ಮುಸಿಮುಸಿ ನಗುತ್ತಿದ್ದ ಮೀಸೆ ಈಗ ಹೊಸ ಪಹರೆಯವರಿಗೆ ತಾನೇ ಪಾಠ ಮಾಡುತ್ತಾನೆ: “ಆಕಳಿಕೆ ಮೇಲೆ ಆಕಳಿಕೆ, ಮೂಗಲ್ಲಿ ನೀರು ಅಂದ್ರೆ ಪುಡಿ ಬಿಟ್ಟವನು ಅಂತ ತಿಳ್ಕೊಳ್ಳಿ. ಗದರಬೇಡಿ, ಅಕ್ಕನ್ನ ಕರೀರಿ.”

ಮನೆಯಲ್ಲಿ ಕಥೆ ಬೇರೆ. ಸೊಸೆ ಜೈಲಿಗೆ ಹೋಗುತ್ತಾಳೆ ಎನ್ನಲು ನಾಚಿ ಅತ್ತೆ ಬಹುಕಾಲ ನೆಂಟರಿಗೆಲ್ಲ “ಆಸ್ಪತ್ರೇಲಿದ್ದಾಳೆ” ಎನ್ನುತ್ತಿದ್ದರಂತೆ. ನೆಂಟರು ಹಣ್ಣು ಹಿಡಿದುಕೊಂಡು ನೋಡಲು ಬಂದುಬಿಟ್ಟರು! ಈಗ ಅತ್ತೆಯೇ ಗತ್ತಿನಿಂದ ಹೇಳುತ್ತಾರೆ: “ನಮ್ಮ ಸೊಸೆ ಜೈಲಲ್ಲಿದ್ದಾಳೆ. ಅವಳಿಲ್ಲದೆ ಅಲ್ಲಿ ಏನೂ ನಡೆಯಲ್ಲ.”

ಇವತ್ತು ಬಡಗಿಯ ಮೈ ಮಧ್ಯಾಹ್ನ ಮತ್ತೆ ಕಾದಿದೆ. ಡಾಕ್ಟರು ಬಂದು ಔಷಧಿ ಹೆಚ್ಚಿಸಿ, ಸಂಜೆಯೊಳಗೆ ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಎಂದಿದ್ದಾರೆ. ಗೇಟಿನ ಬಳಿ ಆಂಬುಲೆನ್ಸ್ ನಿಂತಿದೆ. ಬಾಗಿಲಕ್ಕ ಮಂಚದ ಅಂಚಿನಿಂದ ಕದಲುವುದಿಲ್ಲ. ಸಂಜೆಯ ಹೊತ್ತಿಗೆ ಜ್ವರ ಇಳಿಯುತ್ತದೆ, ಗಾಳಿಯಲ್ಲಿ ಕೀಸುಳಿ ಆಡಿಸುತ್ತಿದ್ದ ಕೈ ಎದೆಯ ಮೇಲೆ ಸುಮ್ಮನಾಗುತ್ತದೆ. ಮುಂದಿನ ಪಾಳಿಯ ನರ್ಸಿಗೆ ಎಲ್ಲ ಒಪ್ಪಿಸಿ ಅವಳು ಏಳುತ್ತಾಳೆ.

“ಹೋಗಿ ಬರ್ತೀನಿ.”

ಬಡಗಿ ಅವಳ ಸೆರಗು ಹಿಡಿಯುತ್ತಾನೆ. “ಬರ್ತೀರಾ ಅಕ್ಕ?”

“ಬರ್ತೀನಿ ಅಂದೆನಲ್ಲ.”

ವಾರ ಕಳೆಯುವಷ್ಟರಲ್ಲಿ ಬಡಗಿ ಎದ್ದು ಓಡಾಡುತ್ತಿದ್ದಾನೆ. ಜಾಮೀನೂ ಸಿಕ್ಕಿದೆ. ಹೊರಡುವ ಬೆಳಿಗ್ಗೆ ಬಾಗಿಲಕ್ಕ ಮಾತ್ರೆಯ ಖಾಲಿ ಡಬ್ಬಿಯ ರಟ್ಟು ಹರಿದು, ಪೆನ್ಸಿಲ್ ಕೊಟ್ಟು, “ಒಂದು ಗೆರೆ ಎಳೀರಿ ನೋಡೋಣ,” ಎನ್ನುತ್ತಾಳೆ. ಅವನು ಉಸಿರು ಬಿಗಿಹಿಡಿದು ಎಳೆಯುತ್ತಾನೆ.

“ಕೊನೇಲಿ ಸ್ವಲ್ಪ ಜಾರಿತು.”

“ಜಾರಲಿ ಬಿಡಿ. ಬೆಳಿಗ್ಗೆ ಒಂದೂ ಬಿದ್ದಿಲ್ಲವಲ್ಲ!” ಹೊರಗೆ ಯಾವ ಆಸ್ಪತ್ರೆಗೆ, ಯಾವ ವಾರ ಹೋಗಬೇಕು ಎಂದು ಅವಳು ಮತ್ತೊಮ್ಮೆ ಅವನ ಬಾಯಲ್ಲೇ ಹೇಳಿಸುತ್ತಾಳೆ.

ಅವನು ರಟ್ಟನ್ನು ಜೇಬಿಗಿಳಿಸಿ, ಚಿಕ್ಕ ಬಾಗಿಲಲ್ಲಿ ತಲೆ ಬಗ್ಗಿಸುತ್ತ ಅಭ್ಯಾಸಬಲದಿಂದ ಅಂದುಬಿಡುತ್ತಾನೆ: “ಹೋಗಿ ಬರ್ತೀನಿ ಅಕ್ಕ.”

ಮೀಸೆ ಹಣೆ ಚಚ್ಚಿಕೊಳ್ಳುತ್ತಾನೆ. ಬಾಗಿಲಕ್ಕ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ. “ಏನಂದ್ರಿ?”

ಬಡಗಿ ನಾಲಿಗೆ ಕಚ್ಚಿಕೊಂಡು ನಗುತ್ತಾನೆ. “ಹೋಗ್ತೀನಿ ಅಕ್ಕ.”

“ಹ್ಞಾಂ, ಹೋಗಿ.”

ಅವನ ಬೆನ್ನು ಮರೆಯಾಗುವವರೆಗೂ ಅವಳು ನೋಡುತ್ತಾಳೆ. ಅಷ್ಟರಲ್ಲಿ ಪೊಲೀಸ್ ವ್ಯಾನು ಬಂದು ನಿಲ್ಲುತ್ತದೆ. ಅವಳು ಕೋಣೆಯತ್ತ ತಿರುಗುತ್ತ ಹೇಳುತ್ತಾಳೆ: “ಈ ಬಾಗಿಲಲ್ಲಿ ಬರ್ತೀನಿ ಅನ್ನೋ ಹಕ್ಕು ನನ್ನೊಬ್ಬಳದ್ದು. ಬೇರೆ ಯಾರು ಕೇಳಿದ್ರೂ ಕೊಡಲ್ಲ.”