ಬಡ್ತಿ ಬೇಡವೆಂದು ಬರೆಯುವ ಮೊದಲು

ನನ್ನ ನಾದಿನಿಗೆ ಮೂರನೆಯ ಸಲ ಬಡ್ತಿ ಬಂದಾಗ ಮನೆಯಲ್ಲಿ ಹುಟ್ಟಿದ ಮೊದಲ ಪ್ರಶ್ನೆ, "ಹಾಗಾದರೆ ಊಟಕ್ಕೆ?" ಕೇಳಿದವರು ಅವಳ ಗಂಡ. ಪಾಪ, ಕೆಟ್ಟವರಲ್ಲ. ಕಾಲೇಜಿನಲ್ಲಿ ಕಾನೂನು ಪಾಠ ಹೇಳುತ್ತಾರೆ, ಸಮಾನತೆಯ ಮೇಲೆ ಬಹಳ ಚೆನ್ನಾಗಿ ಮಾತಾಡುತ್ತಾರಂತೆ.

ನಾವು ಕಾಸರಗೋಡಿನ ಕಡೆಯವರು. ತಿರುವನಂತಪುರದ ಪಟ್ಟಂನಲ್ಲಿ ಒಂದೇ ಕಟ್ಟಡದಲ್ಲಿ ನಾವು ಕೆಳಗೆ, ಅವರು ಮೇಲೆ. ನಾದಿನಿ, ಅಂದರೆ ನನ್ನ ಗಂಡನ ತಂಗಿ, ಒಂದು ರಾಸಾಯನಿಕ ಕಂಪನಿಯ ಹೆಡ್ ಆಫೀಸಿನಲ್ಲಿ ಇಂಜಿನಿಯರ್. ಈ ಸಲದ ಬಡ್ತಿ ಸಣ್ಣದಲ್ಲ. ಕೊಚ್ಚಿಯ ಹತ್ತಿರ ಏಲೂರಿನಲ್ಲಿರುವ ಕಾರ್ಖಾನೆಗೆ ಮುಖ್ಯಸ್ಥೆ. ಆ ಕುರ್ಚಿಯಲ್ಲಿ ಇದುವರೆಗೆ ಹೆಂಗಸರು ಕೂತದ್ದಿಲ್ಲ.

ಇಂಥ ಬಡ್ತಿಗೆ ವರ್ಗಾವಣೆ ಅಂಟಿಕೊಂಡೇ ಬರುತ್ತದೆ. ಗಂಡಸರಾದರೆ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಾರೆ. ಹೆಂಗಸರು "ಕೌಟುಂಬಿಕ ಕಾರಣಗಳಿಂದ ಬೇಡ" ಎಂದು ಬರೆದುಕೊಡುತ್ತಾರೆ. ಅವಳೂ ಹಾಗೆ ಬರೆದುಕೊಟ್ಟವಳೇ: ಮೊದಲ ಸಲ ಮಗಳು ಚಿಕ್ಕವಳೆಂದು, ಎರಡನೆಯ ಸಲ ಅತ್ತೆಯ ಮೊಣಕಾಲಿನ ಆಪರೇಷನ್ ಎಂದು. ಈಗಲೂ ಬೇಡವೆಂದರೆ ಮತ್ತೆ ಕರೆಯುವುದಿಲ್ಲವೆಂದು ಆಫೀಸಿನವರು ಹೇಳಿಬಿಟ್ಟಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು.

ಹಾಗಾಗಿ ಭಾನುವಾರ ಸಂಜೆ ನಮ್ಮ ಹಾಲ್‌ನಲ್ಲಿ ಸಭೆ. ಕರೆದವರು ನಮ್ಮವರು. ನಾನು ನೇಂದ್ರ ಬಾಳೆಹಣ್ಣಿನ ಪಳಂಪೊರಿ ಕರಿದೆ. ಕಾರ್ಖಾನೆಯ ಮುಖ್ಯಸ್ಥೆಯಾಗಬೇಕಾದವಳು ಚಹಾದ ಟ್ರೇ ಹಿಡಿದುಕೊಂಡು ಓಡಾಡುತ್ತಿದ್ದಳು. ಗಂಡಸರಿಬ್ಬರೂ ಅವಳ ಭವಿಷ್ಯವನ್ನು ಎಷ್ಟು ಗಂಭೀರವಾಗಿ ಚರ್ಚಿಸುತ್ತಿದ್ದರೆಂದರೆ, ಅವಳು "ಸಕ್ಕರೆ ಸಾಕಾ?" ಎಂದು ನಡುವೆ ಬಾಯಿ ಹಾಕಿದ್ದು ಇಬ್ಬರಿಗೂ ಸ್ವಲ್ಪ ತೊಂದರೆಯೇ ಆಯಿತು.

"ನನ್ನದೇನೂ ಅಭ್ಯಂತರ ಇಲ್ಲ" ಎಂದರು ಅವಳ ಗಂಡ. ಹಾಗೆಂದು ಅಭ್ಯಂತರಗಳನ್ನು ಒಂದೊಂದಾಗಿ ಹೊರತೆಗೆದರು. ಮಗಳ ಪ್ಲಸ್ ಟೂ. ಏಲೂರಿನ ಹೊಗೆ ತುಂಬಿದ ಗಾಳಿ. ಯೂನಿಯನ್‌ನವರು ಹೆಂಗಸಿನ ಮಾತು ಕೇಳುತ್ತಾರೋ ಇಲ್ಲವೋ. ಕೊನೆಗೆ, "ಅಮ್ಮನ ಮೊಣಕಾಲೂ ಉಂಟಲ್ಲ."

ಪಳಂಪೊರಿಯ ಎಣ್ಣೆಯನ್ನು ಕಾಗದಕ್ಕೆ ಒತ್ತಿ ಒತ್ತಿ ತೆಗೆಯುತ್ತಿದ್ದ ಅವರ ಅಮ್ಮ ತಲೆ ಎತ್ತಿದರು.

"ನನ್ನ ಕಾಲಿನ ಸುದ್ದಿಗೆ ಬರಬೇಡ. ಹೋದ ಸಲ ಈ ಮೊಣಕಾಲಿನಿಂದ ಸೊಸೆಗೆ ಬಡ್ತಿ ತಪ್ಪಿತು ಅಂತ ಊರಿಡೀ ಮಾತು. ಮದುವೆಗೆ ಹೋದರೆ ಜನ ನನ್ನ ಮುಖ ನೋಡುವ ಮೊದಲು ಕಾಲು ನೋಡ್ತಾರೆ! ನಿನ್ನೆ ಇದೇ ಕಾಲಲ್ಲಿ ಚಾಲೈ ಪೇಟೆಗೆ ಹೋಗಿ ಬೇಳೆ ತಂದೆ. ಯಾವ ಬೇಳೆ ಅಂತ ನಿನಗೆ ಗೊತ್ತುಂಟಾ?"

ಗೊತ್ತಿರಲಿಲ್ಲ.

"ಅಚ್ಛನ್ ತೋಟ್ಟು" ಎಂದಳು ಮಗಳು, ಫೋನಿನಿಂದ ಕಣ್ಣು ತೆಗೆಯದೆ. ಅಪ್ಪ ಸೋತರು ಎಂದು. ಈ ಮನೆಯ ಮಕ್ಕಳು ವಾದವನ್ನು ಕನ್ನಡದಲ್ಲಿ ಕೇಳಿ ತೀರ್ಪನ್ನು ಮಲಯಾಳದಲ್ಲಿ ಕೊಡುತ್ತಾರೆ.

ಆಗ ನಮ್ಮವರಿಗೆ ಉಪಾಯ ಹೊಳೆಯಿತು. "ಊಟಕ್ಕೆ ಯಾಕೆ ಚಿಂತೆ ಭಾವ? ಕೆಳಗೆ ಇವಳಿದ್ದಾಳಲ್ಲ!"

ಗಂಟಿಕ್ಕಿದ್ದ ಹುಬ್ಬುಗಳೆಲ್ಲ ಸಡಿಲವಾದವು. ನಾನೂ "ಅದಕ್ಕೇನಂತೆ" ಎನ್ನಲು ಬಾಯಿ ತೆರೆದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು, ಯಾರಾದರೂ ಕೆಲಸ ಹೇಳುವ ಮೊದಲೇ ನಗುತ್ತಾ ಒಪ್ಪಿಕೊಳ್ಳಲು ಕಲಿಸಿದ್ದರು ನಮಗೆ.

ನಾದಿನಿ ಟ್ರೇ ಕೆಳಗಿಟ್ಟಳು. ಕುರ್ಚಿ ಎಳೆದು ಕೂತಳು.

"ಅಣ್ಣ, ಅತ್ತಿಗೆಯನ್ನು ಕೇಳಿದೆಯಾ?"

"ಇದರಲ್ಲಿ ಕೇಳುವುದೇನುಂಟು?"

"ಆಫೀಸಿನಲ್ಲೂ ನಾನು ಯಾರನ್ನೂ ಕೇಳದೆ ಅವರಿಗೆ ಡ್ಯೂಟಿ ಹಾಕುವುದಿಲ್ಲ. ನನ್ನ ಅಡುಗೆಮನೆ ಅತ್ತಿಗೆಯ ತಲೆ ಮೇಲೆ ಬೀಳುವುದಾದರೆ ನಾಳೆ ಬೇಡ ಅಂತಲೇ ಬರೆದುಕೊಡ್ತೇನೆ. ಆದರೆ ಈ ಸಲ ಕಾರಣ ಸರಿಯಾಗಿ ಬರೀತೇನೆ. ಗಂಡನಿಗೆ ಅನ್ನ ಮಾಡ್ಲಿಕ್ಕೆ ಬರುವುದಿಲ್ಲ ಅಂತ."

ಸಮಾನತೆಯ ಮೇಷ್ಟ್ರು ಬೆಚ್ಚಿಬಿದ್ದರು. "ಹಾಗೆ ಬರೀಬೇಡ ಮಾರಾಯ್ತಿ! ನಿಮ್ಮ ಲಾ ಆಫೀಸರ್ ನನ್ನ ಶಿಷ್ಯ!"

ಅವಳ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾದಿನಿ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ಅತ್ತಿಗೆ, ನೀವು ಹೇಳಿ" ಎಂದಳು. ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಬುಧವಾರ ಸಾಂಬಾರು ಕೊಡ್ತೇನೆ" ಎಂದೆ. "ಉಳಿದ ದಿನಕ್ಕೆ ನನ್ನ ಅಭ್ಯಂತರ ಉಂಟು."

ನಮ್ಮವರ ಕೈಯ ಪಳಂಪೊರಿ ಬಾಯಿಯ ಹತ್ತಿರವೇ ನಿಂತಿತು. ಮೇಷ್ಟ್ರು ಎದ್ದು, ಮೆಲ್ಲಗೆ ನನ್ನ ಹತ್ತಿರ ಬಂದು, "ಅಕ್ಕ, ಕುಚ್ಚಲಕ್ಕಿಗೆ ಕುಕ್ಕರ್ ಎಷ್ಟು ಕೂಗಬೇಕು?" ಎಂದು ಕೇಳಿದರು. ಅವತ್ತು ರಾತ್ರಿಯ ಗಂಜಿಯನ್ನು ಅವರೇ ಬೇಯಿಸಿದರು. ಅದು ಗಂಜಿಯೂ ಅಲ್ಲ, ಅನ್ನವೂ ಅಲ್ಲ. ನಾದಿನಿ ಎರಡು ಸಲ ಬಡಿಸಿಕೊಂಡಳು. ಮಾರನೆಯ ದಿನ ಒಪ್ಪಿಗೆ ಬರೆದುಕೊಟ್ಟಳು.

ಹೋದ ತಿಂಗಳು ಏಲೂರಿನಲ್ಲಿ ಅವಳ ಕ್ವಾರ್ಟರ್ಸ್‌ಗೆ ಹೋಗಿದ್ದೆ. ಬಾಗಿಲಲ್ಲಿ ಹೆಲ್ಮೆಟ್, ಸಿಂಕ್‌ನಲ್ಲಿ ಒಂದೇ ಒಂದು ತಟ್ಟೆ. ಯೂನಿಯನ್‌ನವರು ಈಗ ಏನನ್ನುತ್ತಾರೆಂದು ಕೇಳಿದೆ. "ಮೊದಲ ವಾರ ನನ್ನನ್ನು ಬಿಟ್ಟು ಗೋಡೆ ನೋಡಿಕೊಂಡು ಮಾತಾಡ್ತಿದ್ದರು ಅತ್ತಿಗೆ. ಈಗ ನನ್ನ ಹತ್ತಿರವೇ ಜಗಳಾಡ್ತಾರೆ" ಎಂದಳು, ಬಹಳ ತೃಪ್ತಿಯಿಂದ.

ಅಷ್ಟರಲ್ಲಿ ಪಟ್ಟಂನಿಂದ ಅವಳ ಗಂಡನ ಫೋನ್. ಮೊಸರು ಹೆಪ್ಪಾಗಲಿಲ್ಲವಂತೆ, ಏನು ಮಾಡಬೇಕಂತೆ.

"ಮೀಟಿಂಗ್‌ನಲ್ಲಿದ್ದೇನೆ" ಎಂದು ಅವಳು ಫೋನ್ ಇಟ್ಟು, ಸೋಫಾದ ಮೇಲೆ ಕಾಲು ಚಾಚಿ, ನಾವು ತಿನ್ನುತ್ತಿದ್ದ ಕಲ್ಲಂಗಡಿಯ ಇನ್ನೊಂದು ಹೋಳನ್ನು ಎತ್ತಿಕೊಂಡಳು.